3ನೇ ಟೇಬಲಿನ ದೋಸೆ 7ನೇ ಟೇಬಲಿನ ಬಿಲ್ಲಿಗೆ ಹೇಗೆ ಬಂತು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಎರಡು ತಿಂಗಳಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಮಾಟುಂಗದಲ್ಲಿ ನಮ್ಮ ಚಿಕ್ಕಪ್ಪನ ಸಣ್ಣ ಹೋಟೆಲಿದೆ. ಅದಕ್ಕೆ ಬಿಲ್ ಮಾಡುವ ಪ್ರೋಗ್ರಾಂ ಬರೆದಿದ್ದೇನೆ. ‘ಟೇಬಲ್’ ಎಂಬ ಕ್ಲಾಸಿನಲ್ಲಿ (ಒಂದೊಂದು ಟೇಬಲನ್ನೂ ತಯಾರಿಸುವ ಅಚ್ಚು ಅದು) ಮೊದಲ ಸಾಲಿಗೇ ‘ಐಟಮ್ಸ್’ ಎಂಬ ಖಾಲಿ ಲಿಸ್ಟ್, ಅದರ ಕೆಳಗೆ ‘ಟೋಟಲ್’ ಸೊನ್ನೆ ಅಂತ ಬರೆದೆ. ‘ಬಿಲ್’ ಕ್ಲಾಸ್ ‘ಟೇಬಲ್’ನಿಂದ ಇನ್‌ಹೆರಿಟ್ ಆಗುತ್ತದೆ. ಅಂದರೆ ‘ಟೇಬಲ್’ನಲ್ಲಿ ಇರುವುದೆಲ್ಲ ‘ಬಿಲ್’ಗೂ ಬರುತ್ತದೆ. ಟೋಟಲ್ ಸರಿಯಾಗಿ ಬರುತ್ತದೆ. ಆದರೆ 3ನೇ ಟೇಬಲಿನ ಮಸಾಲೆ ದೋಸೆ 7ನೇ ಟೇಬಲಿನ ಬಿಲ್ಲಿನಲ್ಲೂ ಕಾಣುತ್ತದೆ. ಕೋಡ್ ಕಳಿಸಿದ್ದೇನೆ. ತಪ್ಪುಗಳನ್ನೆಲ್ಲ ಹೇಳಿ.

ಉತ್ತರ: ತಪ್ಪುಗಳನ್ನೆಲ್ಲ ಒಟ್ಟಿಗೆ ಹೇಳಿದರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಮುಖ್ಯವಾದದ್ದನ್ನು ಸಾವಕಾಶವಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಕೋಡ್ ಓದಿದರೆ ಹೋಟೆಲ್ ಕಣ್ಣಿಗೆ ಕಾಣುತ್ತದೆ. ಟೇಬಲ್, ಐಟಂ, ಬಿಲ್ ಎಂದು ಗಲ್ಲಾದಲ್ಲಿ ಕೂತವರು ಆಡುವ ಮಾತನ್ನೇ ಹೆಸರಾಗಿ ಇಟ್ಟಿದ್ದೀರಿ. ಅದು ತುಂಬಾ ಒಳ್ಳೆಯ ಅಭ್ಯಾಸ, ಬಿಡಬೇಡಿ.

ಈಗ ದೋಸೆಯ ವಿಷಯ. ಚಿಕ್ಕಪ್ಪನ ಹೋಟೆಲಿನ ಗೋಡೆಯ ಮೇಲೆ ತಿಂಡಿಗಳ ಬೋರ್ಡ್ ಇರುತ್ತದೆ ಅಲ್ವಾ? ಅದು ಎಲ್ಲ ಟೇಬಲಿಗೂ ಒಂದೇ. ಸಪ್ಲೈಯರ್ ಕೈಯಲ್ಲಿರುವ ಚೀಟಿ ಮಾತ್ರ ಟೇಬಲಿಗೊಂದು. ಪೈಥಾನಿನಲ್ಲಿ ಕ್ಲಾಸಿನೊಳಗೆ ನೇರವಾಗಿ ಬರೆದದ್ದು ಗೋಡೆಯ ಬೋರ್ಡಿನ ಹಾಗೆ. ‘ಇನಿಟ್’ ಅಂದರೆ ಹೊಸ ಟೇಬಲ್ ಹುಟ್ಟುವಾಗಲೆಲ್ಲ ಓಡುವ ಫಂಕ್ಷನ್, ‘ಸೆಲ್ಫ್’ ಅಂದರೆ ಆ ಟೇಬಲ್ಲೇ. ‘ಇನಿಟ್’ ಒಳಗೆ ‘ಸೆಲ್ಫ್’ ಹಚ್ಚಿ ಬರೆದದ್ದು ಚೀಟಿಯ ಹಾಗೆ. ನೀವು ಐಟಂ ಲಿಸ್ಟನ್ನು ಬೋರ್ಡಿನ ಮೇಲೆ ಬರೆದಿದ್ದೀರಿ. ಹಾಗಾಗಿ ಎಲ್ಲರ ಆರ್ಡರೂ ಒಂದೇ ಜಾಗಕ್ಕೆ ಬೀಳುತ್ತಿದೆ.

ಹಾಗಾದರೆ ಟೋಟಲ್ ಹೇಗೆ ಸರಿ ಬಂತು? ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ ಇರಬೇಕು. ‘ಸೆಲ್ಫ್’ನ ಟೋಟಲ್‌ಗೆ ಬೆಲೆ ಕೂಡಿಸುವ ಸಾಲು ನಿಜವಾಗಿ ಎರಡು ಕೆಲಸ ಮಾಡುತ್ತದೆ. ಮೊದಲ ಸಲ ಕ್ಲಾಸಿನಲ್ಲಿರುವ ಸೊನ್ನೆಯನ್ನು ಓದುತ್ತದೆ. ಕೂಡಿಸಿದ ಮೇಲೆ ಬಂದ ಉತ್ತರವನ್ನು ಆ ಆಬ್ಜೆಕ್ಟಿಗೇ, ಅಂದರೆ ಆ ಒಂದು ಟೇಬಲಿಗೇ, ಸೇರಿದ ಹೊಸ ಟೋಟಲ್ ಆಗಿ ಬರೆದಿಡುತ್ತದೆ. ಅಂದರೆ ನಿಮಗೆ ಗೊತ್ತಿಲ್ಲದೆಯೇ ಒಂದು ಚೀಟಿ ಹುಟ್ಟಿಕೊಂಡಿತು. ಲಿಸ್ಟಿಗೆ ಐಟಂ ಸೇರಿಸುವ ‘ಅಪೆಂಡ್’ ಹಾಗೆ ಮಾಡುವುದಿಲ್ಲ. ಅದು ಹೊಸದಾಗಿ ಏನನ್ನೂ ಹುಟ್ಟಿಸದೆ, ಇದ್ದ ಲಿಸ್ಟಿಗೇ ಸೇರಿಸುತ್ತದೆ. ಟೋಟಲ್ ಸರಿ ಬಂದದ್ದು ಅದೃಷ್ಟ. ಎರಡನ್ನೂ ‘ಇನಿಟ್’ ಒಳಗೆ ತನ್ನಿ.

ತರುವಾಗ ಒಂದು ಎಚ್ಚರ. ‘ಇನಿಟ್’ನ ಆವರಣದಲ್ಲಿ ‘ಐಟಮ್ಸ್’ಗೆ ಖಾಲಿ ಲಿಸ್ಟನ್ನು ಡೀಫಾಲ್ಟ್ ಆಗಿ, ಅಂದರೆ ಬೇರೇನೂ ಕೊಡದಿದ್ದಾಗ ಬಳಸಲೆಂದು, ಕೊಡಬೇಡಿ. ಆ ಡೀಫಾಲ್ಟ್ ಲಿಸ್ಟ್ ತಯಾರಾಗುವುದು ಫಂಕ್ಷನ್ ಹುಟ್ಟುವಾಗ, ಒಂದೇ ಸಲ. ಮತ್ತೆ ಅದೇ ದೋಸೆ, ಅದೇ ಗೋಳು. ‘ಇನಿಟ್’ನ ಒಳಗಿನ ಸಾಲಿನಲ್ಲೇ ಹೊಸ ಲಿಸ್ಟ್ ಮಾಡಿ. 2018ರಲ್ಲಿ ಬಂದ ಪೈಥಾನ್ 3.7ರಿಂದ ಕ್ಲಾಸಿನ ‘ಇನಿಟ್’ ಅನ್ನು ತಾನೇ ಬರೆದುಕೊಡುವ ‘ಡೇಟಾಕ್ಲಾಸ್’ ಎಂಬ ಸೌಲಭ್ಯವಿದೆ. ಅಲ್ಲಿ ಲಿಸ್ಟನ್ನು ಹೀಗೆ ಡೀಫಾಲ್ಟ್ ಆಗಿ ಕೊಟ್ಟರೆ ಎರರ್ ಬಂದು ನಿಲ್ಲುತ್ತದೆ. ಎಷ್ಟು ಜನ ಈ ಗುಂಡಿಗೆ ಬಿದ್ದಿರಬೇಕು ನೋಡಿ.

ಇನ್ನು ಇನ್‌ಹೆರಿಟೆನ್ಸ್. ಅದನ್ನು ಹೊಸದಾಗಿ ಕಲಿತಾಗ ಎಲ್ಲಾದರೂ ಬಳಸಬೇಕು ಅನ್ನಿಸುತ್ತದೆ, ಸಹಜ. ಆದರೆ ಬಾಯಿಬಿಟ್ಟು ಹೇಳಿ ನೋಡಿ: ‘ಬಿಲ್ ಒಂದು ಟೇಬಲ್.’ ಕಿವಿಗೇ ಸರಿಹೋಗುವುದಿಲ್ಲ. ಬಿಲ್ಲಿಗೆ ಬೇಕಾದದ್ದು ಆರ್ಡರ್. ಸಂಜೆ ಲೋಕಲ್ ಹಿಡಿಯುವ ಅವಸರದಲ್ಲಿ ಯಾರೋ ನಾಲ್ಕು ಇಡ್ಲಿ ಪಾರ್ಸಲ್ ಕೇಳಿದರು ಅಂತಿಟ್ಟುಕೊಳ್ಳಿ. ಅವರಿಗೆ ಟೇಬಲ್ಲೇ ಇಲ್ಲ! ಆದ್ದರಿಂದ ‘ಆರ್ಡರ್’ ಎಂಬ ಕ್ಲಾಸ್ ಮಾಡಿ. ಟೇಬಲ್ ನಂಬರ್ ಅದರಲ್ಲಿ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ‘ಬಿಲ್’ ತಯಾರಿಸುವಾಗ ಆ ಆರ್ಡರನ್ನು ಅದರ ಕೈಗೆ ಕೊಡಿ. ಇನ್‌ಹೆರಿಟೆನ್ಸ್ ಬೇಕಾಗುವ ದಿನ ಬರುತ್ತದೆ. ಈ ಪ್ರೋಗ್ರಾಮಿಗೆ ಅದು ಬೇಡ.

ದುಡ್ಡನ್ನು, ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ ಇಟ್ಟಿದ್ದೀರಿ. 0.1ಕ್ಕೆ 0.2 ಕೂಡಿಸಿ ಪ್ರಿಂಟ್ ಮಾಡಿ ನೋಡಿ, 0.30000000000000004 ಬರುತ್ತದೆ. ಪೂರ್ತಿ ಪೈಸೆ ಲೆಕ್ಕದಲ್ಲಿ ಇಡಿ, ಇಲ್ಲವೇ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ‘ಡೆಸಿಮಲ್’ ಬಳಸಿ. ಜಿಎಸ್‌ಟಿ ಹಾಕಲು ಶುರುಮಾಡಿದಾಗ ಇದರ ಬೆಲೆ ಗೊತ್ತಾಗುತ್ತದೆ. ಟೋಟಲನ್ನು ಓದಲು, ಬದಲಿಸಲು ಬರೆದ ‘ಗೆಟ್ ಟೋಟಲ್’, ‘ಸೆಟ್ ಟೋಟಲ್’ ಎರಡನ್ನೂ ಅಳಿಸಿ, ಪೈಥಾನಿನಲ್ಲಿ ಸುಮ್ನೆ ಅವನ್ನು ಬರೆಯುವ ಅಗತ್ಯವಿಲ್ಲ.

ಕೊನೆಗೆ, ಲೆಕ್ಕ ಮಾಡುವ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಮೊತ್ತವನ್ನು ಪ್ರಿಂಟ್ ಮಾಡುವ ಬದಲು ರಿಟರ್ನ್ ಮಾಡಲಿ. ಆಗ ಕಣ್ಣಲ್ಲಿ ಹುಡುಕುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಬಹುದು. ಈಗಿರುವ ಕ್ಲಾಸಿನಿಂದಲೇ ಎರಡು ಟೇಬಲ್ ಮಾಡಿ. ಒಂದಕ್ಕೆ ಮಸಾಲೆ ದೋಸೆ ಸೇರಿಸಿ, ಇನ್ನೊಂದಕ್ಕೆ ಏನೂ ಬೇಡ. ಎರಡನೆಯದರ ಲಿಸ್ಟ್ ಖಾಲಿಯೇ ಇದೆಯೇ ಎಂದು ಹೇಳಿದ್ದು ಸುಳ್ಳಾದರೆ ಎರರ್ ಕೊಡುವ ‘ಅಸರ್ಟ್’ ಹಾಕಿ ಕೇಳಿ. ಏನನ್ನೂ ತಿದ್ದುವ ಮೊದಲೇ ಇದನ್ನು ಬರೆದು ಓಡಿಸಿ, ಎರರ್ ಬರಲಿ. ಆಮೇಲೆ ಆ ಲಿಸ್ಟನ್ನು ‘ಇನಿಟ್’ ಒಳಗೆ ತಂದು ಮತ್ತೊಮ್ಮೆ ಓಡಿಸಿ.