ಗಾರ್ನಿಯೆಗಿಂತ ಮೊದಲು ಪ್ಯಾರಿಸ್ ಒಪೆರಾ ಎಲ್ಲಿತ್ತು? ಲ ಪೆಲ್ತಿಯೆ ಬೀದಿಯ ‘ತಾತ್ಕಾಲಿಕ’ ರಂಗಮಂದಿರ

ಫ್ರೆಂಚ್ ಚಿತ್ರಕಾರ ದೆಗಾನ ಚಿತ್ರವೊಂದರ ಹೆಸರಿನಲ್ಲಿ ‘ಲ ಪೆಲ್ತಿಯೆ ಬೀದಿಯ ಒಪೆರಾ’ ಎಂದಿದೆ, ಅದು ಒಪೆರಾದ ಈಗಿನ ಗಾರ್ನಿಯೆ ಕಟ್ಟಡವೇ ಅಥವಾ ಬೇರೆಯೇ, ಪ್ಯಾರಿಸ್ಸಿಗೆ ಹೋದರೆ ನೋಡಲು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಬೇರೆ ಕಟ್ಟಡ. ಪ್ಯಾರಿಸ್ ಒಪೆರಾ 1821ರಿಂದ 1873ರವರೆಗೆ ಅಲ್ಲಿತ್ತು. ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು, ಈಗ ನೋಡಲು ಸಿಗುವುದಿಲ್ಲ.

ಅದು ಹುಟ್ಟಿದ್ದು ಒಂದು ಕೊಲೆಯಿಂದ. 1820ರ ಫೆಬ್ರವರಿ 13ರ ರಾತ್ರಿ, ರಿಶಲ್ಯೂ ಬೀದಿಯಲ್ಲಿದ್ದ ಹಳೆಯ ಒಪೆರಾದ ಬಾಗಿಲಲ್ಲಿ ದೊರೆ 18ನೇ ಲೂಯಿಯ ತಮ್ಮನ ಮಗ ಬೆರಿಯ ಡ್ಯೂಕ್‌ನನ್ನು ಲೂವೆಲ್ ಎಂಬಾತ ಚೂರಿಯಿಂದ ಇರಿದ. ಡ್ಯೂಕ್ ರಂಗಮಂದಿರದೊಳಗೇ ಪ್ರಾಣಬಿಟ್ಟ. ರಾಜವಂಶದವನ ರಕ್ತ ಬಿದ್ದ ಜಾಗದಲ್ಲಿ ಇನ್ನು ಆಟಪಾಟ ಕೂಡದೆಂದು ಕಟ್ಟಡವನ್ನೇ ಕೆಡವಿಸಿದರು. ವಾಸ್ತುಶಿಲ್ಪಿ ಫ್ರಾಂಸ್ವಾ ದೆಬ್ರೆ ಹೊಸದನ್ನು ಒಂದೇ ವರ್ಷದಲ್ಲಿ ಎಬ್ಬಿಸಿದ. ಕೆಡವಿದ ಮಂದಿರದ ಕಂಬ, ಬಾಕ್ಸು, ಅಲಂಕಾರಗಳನ್ನೇ ತಂದು ಜೋಡಿಸಿ, ಮಿಕ್ಕಿದ್ದನ್ನು ಮರ ಮತ್ತು ಗಾರೆಯಲ್ಲಿ ಮುಗಿಸಿದ್ದರಿಂದ ಅದು ಸಾಧ್ಯವಾಯಿತು. ಸುಮಾರು 1,800 ಜನ ಕೂರಬಹುದಿತ್ತು. ಸದ್ಯಕ್ಕೆ ಇದಿರಲಿ, ಆಮೇಲೆ ಗಟ್ಟಿಯಾದದ್ದು ಕಟ್ಟೋಣ ಎಂಬ ಲೆಕ್ಕಾಚಾರ. ಹಾಗೇ 52 ವರ್ಷ ಕಳೆಯಿತು. ಮರ ಹೆಚ್ಚಿದ್ದರಿಂದ ನಾದ ಅಲ್ಲಿ ಬಹಳ ಚೆನ್ನಾಗಿ ಕೇಳುತ್ತಿತ್ತು ಎಂಬ ಹೆಸರಿತ್ತು. 1821ರ ಆಗಸ್ಟ್ 16ರ ಉದ್ಘಾಟನೆಗೆ ಆಡಿದ್ದು ಸಂಗೀತಕಾರ ಕಾತೆಲ್‌ನ ಒಪೆರಾ. ಕಾಶಿಯಲ್ಲಿ ನಡೆಯುವ ದೇವದಾಸಿಯರ ಕಥೆ, ಅಂದರೆ ಪ್ಯಾರಿಸ್ ಕಲ್ಪಿಸಿಕೊಂಡ ಕಾಶಿ.

ಈ ಮಂದಿರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸಂಗೀತಗಾರರ ಪಟ್ಟಿ ಕೊಟ್ಟು ಮುಗಿಸುತ್ತಾರೆ. ನನ್ನ ಪ್ರಕಾರ ಇಲ್ಲಿ ಗಮನಿಸಬೇಕಾದದ್ದು ದೀಪ. 1822ರ ಫೆಬ್ರವರಿ 6ರಂದು ಅಲ್ಲಾವುದ್ದೀನನ ಅದ್ಭುತ ದೀಪದ ಕಥೆಯ ಒಪೆರಾಕ್ಕಾಗಿ ಇಲ್ಲಿ ಮೊದಲ ಸಲ ಗ್ಯಾಸ್ ಹೊತ್ತಿಸಿದರು. ಪರದೆ ಬರೆದವರಲ್ಲಿ ಒಬ್ಬ, ಮುಂದೆ ಫೋಟೋಗ್ರಫಿಯಿಂದ ಹೆಸರಾದ ದಗೇರ್. ಗ್ಯಾಸ್‌ಲೈಟು ಅಂದಕೂಡಲೇ ಬಯಲಾಟದ ಪೆಟ್ರೋಮ್ಯಾಕ್ಸ್ ನೆನಪಾಗಬಹುದು. ಅದು ಸೀಮೆಎಣ್ಣೆಯದು, ಅದರಲ್ಲಿ ಮ್ಯಾಂಟಲ್, ಅಂದರೆ ಕಾದು ಬೆಳಗುವ ಜಾಲರಿ ಚೀಲ, ಇರುತ್ತದೆ. ಇದು ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲ. ಮ್ಯಾಂಟಲ್ ಬಂದದ್ದು 1880ರ ದಶಕದಲ್ಲಿ, ಹಾಗಾಗಿ ಇಲ್ಲಿದ್ದದ್ದು ಬರಿಯ ಬೆತ್ತಲೆ ಜ್ವಾಲೆ.

ಎಣ್ಣೆ ದೀಪಗಳಿದ್ದಾಗ ಬೆಳಕು ತಗ್ಗಿಸಲು ಒಂದೊಂದಕ್ಕೂ ಕೈಹಾಕಬೇಕಿತ್ತು. ಗ್ಯಾಸ್ ಆದರೆ ಕೊಳವೆಗಳೆಲ್ಲ ರಂಗದ ಪಕ್ಕದ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಮೇಲಿನ ಸಾಲು, ರಂಗದ ಇಕ್ಕೆಲದ ಮರೆಗಳಾದ ‘ರೆಕ್ಕೆ’ಗಳ ಕಂಬಸಾಲು, ರಂಗದಂಚಿನ ಸಾಲು, ಎಲ್ಲಕ್ಕೂ ಬೇರೆ ಬೇರೆ ನಲ್ಲಿ. ಒಬ್ಬನೇ ನಿಂತು ಇಡೀ ರಂಗಕ್ಕೆ ಮುಸ್ಸಂಜೆ ತರಬಹುದು. ಒಂದು ಕಷ್ಟವಿತ್ತು. ನಲ್ಲಿಯನ್ನು ಅಳತೆ ಮೀರಿ ಮುಚ್ಚಿದರೆ ಜ್ವಾಲೆ ಆರಿಹೋಗುತ್ತದೆ, ಮತ್ತೆ ತೆರೆದಾಗ ಹೊತ್ತದ ಅನಿಲ ಸೋರುತ್ತದೆ. ಅದಕ್ಕೇ ಇಂಥ ಏರ್ಪಾಡುಗಳಲ್ಲಿ ಮುಖ್ಯ ನಲ್ಲಿಯನ್ನು ಸುತ್ತುಹಾಕಿ ಹೋಗುವ ಸಣ್ಣ ಕೊಳವೆ ಹಾಕಿ, ಸದಾ ಒಂದು ನೀಲಿ ಕುಡಿ ಉಳಿಸಿಕೊಳ್ಳುತ್ತಿದ್ದರು.

1831ರಲ್ಲಿ ಮೇಯರ್‌ಬೇರ್‌ನ ಒಪೆರಾ ‘ರಾಬರ್ ಲ ದ್ಯಾಬ್ಲ್’ನಲ್ಲಿ ಸತ್ತ ಸನ್ಯಾಸಿನಿಯರು ಬೆಳದಿಂಗಳಲ್ಲಿ ಎದ್ದು ಕುಣಿದದ್ದು, 1832ರ ‘ಲಾ ಸಿಲ್ಫೀದ್’, 1841ರ ‘ಜಿಸೆಲ್’ ಬ್ಯಾಲೆಗಳು, ಎಲ್ಲ ಈ ಮಂದ ಬೆಳಕಿನ ಫಲ. ಬಿಳಿ ಮಸ್ಲಿನ್ ಲಂಗ ಹೊಗೆಯಂತೆ ತೇಲುವುದು ಅಂಥ ಬೆಳಕಿನಲ್ಲೇ. 1849ರ ಒಪೆರಾ ‘ಲ ಪ್ರೊಫೆತ್’ಗೆ ಸೂರ್ಯೋದಯ ಬೇಕೆಂದಾಗ ವಿದ್ಯುತ್ ಆರ್ಕ್ ದೀಪ ಬಂತು. ಅದರಲ್ಲಿ ಇಂಗಾಲದ ಎರಡು ಕಡ್ಡಿಗಳು ಉರಿದು ಸವೆದಂತೆ ನಡುವಿನ ಅಂತರ ಹೆಚ್ಚಿ ದೀಪ ನಂದುತ್ತದೆ. ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. ಅದನ್ನು ನಿಭಾಯಿಸಿದವನು ಭೌತವಿಜ್ಞಾನಿ ಫೂಕೋ.

ಆದರೆ ಬೆತ್ತಲೆ ಜ್ವಾಲೆಯ ಪಕ್ಕದಲ್ಲೇ ಆ ಮಸ್ಲಿನ್. ಬಟ್ಟೆಯನ್ನು ಪಟಿಕದಂಥ ಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಬೇಗ ಹೊತ್ತುವುದಿಲ್ಲ. ಕಾರ್ತೆರೋನ್ ಎಂಬಾತನ ಈ ವಿಧಾನವನ್ನು 1859ರಲ್ಲಿ ಸರ್ಕಾರ ಕಡ್ಡಾಯವನ್ನೂ ಮಾಡಿತು. ಬಟ್ಟೆ ಮಾತ್ರ ಬಿರುಸಾಗಿ, ಮಾಸಲು ಹಳದಿಗೆ ತಿರುಗುತ್ತಿತ್ತು. ಇಲ್ಲಿನ ನರ್ತಕಿ ಎಮ್ಮಾ ಲಿವ್ರಿ ಅದನ್ನು ಉಡಲು ಒಪ್ಪಲಿಲ್ಲ. ಏನಾದರೂ ಆದರೆ ಹೊಣೆ ತನ್ನದೇ ಎಂದು ಬರೆದುಕೊಟ್ಟಳು. 1862ರ ನವೆಂಬರ್ 15ರ ತಾಲೀಮಿನಲ್ಲಿ ಅವಳ ಲಂಗ ರೆಕ್ಕೆಯ ದೀಪಕ್ಕೆ ತಾಗಿತು. ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಏರಿತು. ಎಂಟು ತಿಂಗಳು ನರಳಿ, 20ರ ವಯಸ್ಸಿನಲ್ಲಿ ತೀರಿಕೊಂಡಳು.

ಹೊಸ ಒಪೆರಾ ಕಟ್ಟಲು ಕಾರಣ ಮಾತ್ರ ಬೆಂಕಿಯಲ್ಲ, ಬಾಂಬು. 1858ರ ಜನವರಿ 14ರಂದು ಆಟ ನೋಡಲು ಬಂದ ದೊರೆ ಮೂರನೇ ನೆಪೋಲಿಯನ್ ಮೇಲೆ ಇಟಲಿಯ ಕ್ರಾಂತಿಕಾರಿ ಓರ್ಸಿನಿಯ ಗುಂಪು ಮಂದಿರದೆದುರು ಮೂರು ಬಾಂಬ್ ಎಸೆಯಿತು. ಎಂಟು ಜನ ಸತ್ತರು, ದೊರೆ ಉಳಿದ. ಇಕ್ಕಟ್ಟಿನ ಬೀದಿ ಅಪಾಯ ಎನ್ನಿಸಿತು. ಅದಕ್ಕೇ ಗಾರ್ನಿಯೆ ಕಟ್ಟಡದ ಪಕ್ಕದಲ್ಲಿ ದೊರೆಯ ಸಾರೋಟು ನೇರ ಮೇಲೇರುವ ಇಳಿಜಾರು ದಾರಿಯಿದೆ, ಈಗಲೂ ಕಾಣುತ್ತದೆ. ಅದು ಮುಗಿಯುವ ಹೊತ್ತಿಗೆ ದೊರೆಯೇ ಇರಲಿಲ್ಲ.

1873ರ ಅಕ್ಟೋಬರ್ 28ರ ರಾತ್ರಿ ಹತ್ತಿದ ಬೆಂಕಿ ಮರುದಿನವೂ ಉರಿಯಿತು. ಗ್ಯಾಸೇ ಕಾರಣ ಎಂದು ಎಷ್ಟೋ ಕಡೆ ಓದುತ್ತೀರಿ, ಅದು ಸಾಬೀತಾಗಿಲ್ಲ. ಕುಂಟುತ್ತಿದ್ದ ಗಾರ್ನಿಯೆ ಕಾಮಗಾರಿಗೆ ಇದರಿಂದಲೇ ವೇಗ ಬಂದು 1875ರ ಜನವರಿ 5ಕ್ಕೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಆಟಗಳು ವಾಂತಾದೂರ್ ಮಂದಿರದಲ್ಲಿ ನಡೆದವು.

ಹೋಗುವುದಾದರೆ ರಿಶಲ್ಯೂ–ದ್ರುವೋ ಮೆಟ್ರೋದಲ್ಲಿ ಇಳಿಯಿರಿ, ಲ ಪೆಲ್ತಿಯೆ ಬೀದಿ ಪಕ್ಕದಲ್ಲೇ. ಡ್ಯೂಕ್ ಸತ್ತ ಹಳೆಯ ಒಪೆರಾದ ಜಾಗ ಈಗ ಲೂವ್ವಾ ಉದ್ಯಾನ, ರಾಷ್ಟ್ರೀಯ ಗ್ರಂಥಾಲಯದ ಹಳೆಯ ಕಟ್ಟಡದೆದುರು. ಲಿವ್ರಿಯ ಸುಟ್ಟ ಉಡುಪಿನ ಚೂರುಗಳು ಗಾರ್ನಿಯೆಯ ಗ್ರಂಥಾಲಯ-ಸಂಗ್ರಹಾಲಯದ ಸಂಗ್ರಹದಲ್ಲಿವೆ. ದೆಗಾನ 1872ರ ಆ ಚಿತ್ರ ಓರ್ಸೆ ಸಂಗ್ರಹಾಲಯದ್ದು. ಸುಮಾರು 32×46 ಸೆಂ.ಮೀ. ಮಾತ್ರ, ದೊಡ್ಡದಿರಬಹುದೆಂದು ಹುಡುಕಿದರೆ ದಾಟಿಹೋಗಿಬಿಡುತ್ತೀರಿ. ಓರ್ಸೆಗೆ ಸೋಮವಾರ ರಜೆ.