ಬ್ರಿಟನ್ನಿನ ಡೀಸೆಲ್ ರೈಲುಗಳಲ್ಲಿ ಯಾವುದು ನಂಬರ್ ಒನ್? ಮೊದಲು ಟಿಕೆಟ್ ವಿಷಯ ಕೇಳಿ

ಜೂನ್‌ನಲ್ಲಿ ಹನ್ನೆರಡು ದಿನ ಬ್ರಿಟನ್‌ಗೆ ಹೋಗುತ್ತಿದ್ದೀರಿ. ಅಲ್ಲಿನ ರೈಲು ಪ್ರಿಯರು ಮೆಚ್ಚುವ ಡೀಸೆಲ್ ಪ್ಯಾಸೆಂಜರ್ ರೈಲುಗಳಲ್ಲಿ ನಂಬರ್ ಒನ್ ಯಾವುದು, ಇಂಟರ್‌ಸಿಟಿ 125 ಆ, ಡೆಲ್ಟಿಕ್ ಆ, ಅದಕ್ಕೆ ಈಗಲೇ ಅಗ್ಗದ ಟಿಕೆಟ್ ಬುಕ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ಆ ಕೊನೇ ಮಾತು ಓದಿದಾಗ ಎದೆ ಧಸಕ್ಕೆಂದಿತು. 2018ರಲ್ಲಿ ನಾನು ಮಾಡಿದ್ದು ಅದನ್ನೇ.

ನಾನು ಸಾಗರದವನು. ಚಿಕ್ಕವನಿದ್ದಾಗ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿ ಮೇಲೆ ರೈಲ್‌ಬಸ್ ಓಡುತ್ತಿತ್ತು. ನನಗೆ ಗೊತ್ತಿದ್ದ ರೈಲು ಅಂದ್ರೆ ಅದೇ. ಆಮೇಲೆ ಕೆಲಸದ ಮೇಲೆ 2016ರಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಹೋದೆ. ಲಂಡನ್ನಿನ ಪ್ಯಾಡಿಂಗ್ಟನ್ ಹತ್ತಿರ ಆಫೀಸು. ಬೆಳಿಗ್ಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಇಂಟರ್‌ಸಿಟಿ 125. ಅಲ್ಲಿನವರು ಎಚ್‌ಎಸ್‌ಟಿ ಅಂತಾರೆ. ಎರಡೂ ತುದಿಗೆ ಚೂಪು ಮೂತಿಯ ಪವರ್ ಕಾರ್, ಅಂದ್ರೆ ಇಂಜಿನ್ ಇರುವ ಡಬ್ಬಿ, ಮಧ್ಯೆ ಬೋಗಿಗಳು. ಒಂದೊಂದು ಪವರ್ ಕಾರಿಗೂ 2250 ಅಶ್ವಶಕ್ತಿ, ಗಂಟೆಗೆ 125 ಮೈಲಿ ವೇಗ, ಅಂದ್ರೆ 200 ಕಿಲೋಮೀಟರ್. ಅಕ್ಟೋಬರ್ 1976ರಲ್ಲಿ ಸೇವೆಗೆ ಬಂದ ರೈಲು, ನಾಲ್ಕು ದಶಕ ಕಳೆದರೂ ಅದೇ ವೇಗದಲ್ಲಿ ಓಡುತ್ತಿತ್ತು. 1987ರಲ್ಲಿ ಪರೀಕ್ಷೆಗೆ ಓಡಿಸಿದಾಗ 148.5 ಮೈಲಿ ಮುಟ್ಟಿತ್ತು.

ಅದರ ಬಾಗಿಲ ಬಗ್ಗೆ ಹೇಳಲೇಬೇಕು. ಒಳಗಡೆ ಹಿಡಿಕೆಯೇ ಇರಲಿಲ್ಲ. ರೈಲು ನಿಂತ ಮೇಲೆ ಬಾಗಿಲಿನ ಕಿಟಕಿ ಕೆಳಗಿಳಿಸಿ, ಕೈ ಹೊರಗೆ ಹಾಕಿ, ಹೊರಗಿನ ಹಿಡಿಕೆ ತಿರುಗಿಸಬೇಕು. ಜನವರಿಯಲ್ಲಿ ಆ ಕಬ್ಬಿಣ ಬೆರಳಿಗೆ ಚುಚ್ಚುತ್ತಿತ್ತು. ಪ್ಯಾಡಿಂಗ್ಟನ್ ಹತ್ತಿರ ಬ್ರೇಕ್ ಹಿಡಿದಾಗ ಸುಟ್ಟ ವಾಸನೆ ಏಸಿ ಗಾಳಿ ಜೊತೆ ಬೋಗಿಯೊಳಗೆ ಬರುತ್ತಿತ್ತು. ಮೊದಲ ವಾರ ಏನೋ ಹೊತ್ತಿಕೊಂಡಿದೆ ಅಂದುಕೊಂಡೆ. ಆಮೇಲೆ ಆ ವಾಸನೆ ಬಂತು ಅಂದ್ರೆ ಬ್ಯಾಗ್ ತಗೊಂಡು ಏಳುತ್ತಿದ್ದೆ.

ದಿನಾ ಇಪ್ಪತ್ತೈದು ನಿಮಿಷದ ಪ್ರಯಾಣ, ಅದೂ ನಿಂತುಕೊಂಡು. ಇದು ಲೆಕ್ಕಕ್ಕಿಲ್ಲ, ನಿಜವಾದ ಪ್ರಯಾಣ ಒಂದು ದಿನ ಮಾಡ್ತೀನಿ ಅಂತಿದ್ದೆ. ಲಂಡನ್ನಿನಿಂದ ಇಂಗ್ಲೆಂಡಿನ ನೈಋತ್ಯ ತುದಿಯ ಪೆಂಜಾನ್ಸ್‌ವರೆಗೆ, ಐದು ಗಂಟೆಗೂ ಮೇಲೆ, ಡಾಲಿಷ್‌ನಲ್ಲಿ ಸಮುದ್ರದ ಗೋಡೆ ಮೇಲೆ ಹಾದು ಹೋಗುವ ಆ ದಾರಿ. ಫೆಬ್ರವರಿ 2014ರ ಬಿರುಗಾಳಿಗೆ ಆ ಗೋಡೆ ಒಡೆದು ಹಳಿ ಗಾಳಿಯಲ್ಲಿ ನೇತಾಡುತ್ತಿದ್ದ ಚಿತ್ರ ನೀವೂ ನೋಡಿರಬಹುದು. ಅಲ್ಲಿ ಎಚ್‌ಎಸ್‌ಟಿಯಲ್ಲಿ ಕೂತು ಹೋಗಬೇಕು ಅನ್ನೋದು ಎರಡು ವರ್ಷದ ಆಸೆ.

ಈಗ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಮಾಡಹೊರಟಿರೋದೂ ಇದನ್ನೇ.

ಬ್ರಿಟನ್ನಿನಲ್ಲಿ ಅಡ್ವಾನ್ಸ್ ಅಂತ ಒಂದು ಟಿಕೆಟ್ ಇದೆ. ಮುಂಚೆ ತೆಗೆದರೆ ತುಂಬಾ ಅಗ್ಗ. ಜುಲೈನಲ್ಲಿ ಸೆಪ್ಟೆಂಬರ್‌ನ ಒಂದು ಶನಿವಾರಕ್ಕೆ ತೆಗೆದೆ, ವಾಪಸ್ ಬರೋದಕ್ಕೂ ಸೇರಿಸಿ. ಆ ಟಿಕೆಟ್ ಮೇಲೆ ಹೊರಡುವ ಸಮಯ, ಬೋಗಿ, ಸೀಟು ಎಲ್ಲಾ ಇರುತ್ತೆ. ಬರುವ ರೈಲು ಯಾವ ಜಾತಿಯದ್ದು ಅಂತ ಮಾತ್ರ ಇರಲ್ಲ. ಟಿಕೆಟ್ ಆ ಒಂದು ಸಮಯದ ರೈಲಿಗಷ್ಟೇ. ಅದನ್ನು ಬಿಟ್ಟು ಹಿಂದಿನದಕ್ಕೋ ಮುಂದಿನದಕ್ಕೋ ಹತ್ತುವ ಹಾಗಿಲ್ಲ. ಮಧ್ಯೆ ಇಳಿದು, ಸ್ವಲ್ಪ ಹೊತ್ತು ಬಿಟ್ಟು ಮುಂದಿನ ರೈಲು ಹಿಡಿಯುವ ಹಾಗೂ ಇಲ್ಲ. ದುಡ್ಡು ವಾಪಸ್ ಬರಲ್ಲ. ಹೊರಡುವ ಮುಂಚೆ ಮಾತ್ರ 10 ಪೌಂಡ್ ಕೊಟ್ಟು ಬೇರೆ ರೈಲಿಗೆ ಬದಲಾಯಿಸಿಕೊಳ್ಳಬಹುದಿತ್ತು. ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ: ಆಗಸ್ಟ್‌ನಲ್ಲಿ ಆ ದಾರಿಗೆ ಹಿಟಾಚಿ ಕಂಪನಿಯ 802 ಅನ್ನೋ ಹೊಸ ಮಾದರಿಯ ರೈಲುಗಳು ಬರತೊಡಗಿದ್ದವು. ಎಚ್‌ಎಸ್‌ಟಿಗಳು ಇನ್ನೂ ಇದ್ದವು, ಆದರೆ ಕೆಲವು ಸಮಯಕ್ಕೆ ಮಾತ್ರ. ಹಿಂದಿನ ರಾತ್ರಿ ರೈಲು ಪ್ರಿಯರ ಯಾವುದಾದರೂ ಗುಂಪಿನಲ್ಲಿ ಒಂದು ಸಾಲು ಕೇಳಿದ್ದರೆ ಸಾಕಿತ್ತು. ಹತ್ತು ಪೌಂಡ್ ಕೊಟ್ಟು ಸಮಯ ಬದಲಾಯಿಸುತ್ತಿದ್ದೆ. ಕೇಳಲಿಲ್ಲ. ದಿನಾ ನೋಡುವ ರೈಲು ತಾನೇ, ಅದೇ ಬರುತ್ತೆ ಅಂದುಕೊಂಡೆ.

ಪ್ಯಾಡಿಂಗ್ಟನ್‌ನಲ್ಲಿ ಬೋರ್ಡ್ ಮೇಲೆ ಪ್ಲಾಟ್‌ಫಾರ್ಮ್ ಬಂತು. ಹೋಗಿ ನೋಡಿದೆ. ಹೊಸ ರೈಲು ನಿಂತಿತ್ತು. ಬಾಗಿಲಿಗೆ ಗುಂಡಿ. ಕಿಟಕಿ ತೆಗೆಯೋಕೆ ಬರಲ್ಲ.

ರೈಲು ಚೆನ್ನಾಗೇ ಇತ್ತು, ಸುಮ್ನೆ ಬೈಯಲ್ಲ. ಆದರೆ ಡಾಲಿಷ್‌ಗೂ ಮುಂಚೆ ಎಕ್ಸೆಟರ್ ಬಂದಾಗ ಇಳಿದು ಮುಂದಿನದಕ್ಕೆ ಕಾಯೋಣ ಅಂದ್ರೆ ಟಿಕೆಟ್ ಬಿಡಲಿಲ್ಲ. ಡಾಲಿಷ್‌ನಲ್ಲಿ ಗಾಜಿನಾಚೆ ಸಮುದ್ರ ಶಬ್ದವೇ ಇಲ್ಲದೆ ಹೋಯಿತು. ಟೀನ್‌ಮತ್ ದಾಟುವಾಗ ಪಕ್ಕದ ಹಳಿಯಲ್ಲಿ ಎಚ್‌ಎಸ್‌ಟಿ ಒಂದು ಎದುರಿಗೆ ಬಂದು ಹೋಯಿತು. ಎರಡು ಸೆಕೆಂಡ್ ಇರಬಹುದು. ಪೆಂಜಾನ್ಸ್ ತಲುಪುವವರೆಗೆ ನಾನು ಮತ್ತೆ ಹೊರಗೆ ಸರಿಯಾಗಿ ನೋಡಲಿಲ್ಲ.

ಮರುದಿನ ವಾಪಸ್ ಟಿಕೆಟ್ ಬಿಟ್ಟುಬಿಟ್ಟೆ. ಜಾಸ್ತಿ ದುಡ್ಡು ಕೊಟ್ಟು ಮಾಮೂಲಿ ಟಿಕೆಟ್ ತೆಗೆದೆ. ನ್ಯೂಟನ್ ಆ್ಯಬಟ್‌ವರೆಗೆ ಸಿಕ್ಕಿದ್ದೂ ಹೊಸ ರೈಲೇ. ಅಲ್ಲಿ ಇಳಿದಾಗ ಡಾಲಿಷ್ ಮೂಲಕ ಎಕ್ಸ್‌ಮತ್ ಕಡೆ ಹೋಗುವ ಎರಡು ಡಬ್ಬಿಯ ಪೇಸರ್ ಬಂತು.

ಪೇಸರ್ ನಿಮ್ಮ ಪಟ್ಟಿಯಲ್ಲೇ ಇಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಬೈಯದವರು ಕಡಿಮೆ. 1980ರ ದಶಕದಲ್ಲಿ ದುಡ್ಡಿಲ್ಲದ ಕಾಲಕ್ಕೆ ಕಟ್ಟಿದ್ದು. ನಾನು ಹತ್ತಿದ್ದು 143 ಅನ್ನೋ ಮಾದರಿ, ಅದರ ಮೈಯನ್ನು ಮಾಡಿದ್ದು ವಾಲ್ಟರ್ ಅಲೆಕ್ಸಾಂಡರ್ ಅನ್ನೋ ಬಸ್ ಬಾಡಿ ಕಂಪನಿ. ಒಂದು ಡಬ್ಬಿಗೆ ಎರಡೇ ಅಚ್ಚು, ನಾಲ್ಕೇ ಗಾಲಿ. ಹಳಿಯ ಪ್ರತಿ ಜೋಡಣೆಯಲ್ಲೂ ಕುಣಿಯುತ್ತೆ, ತಿರುವಿನಲ್ಲಿ ಕಿರ್ರ್ ಅನ್ನುತ್ತೆ. ತಲೆಯಾಡಿಸೋ ಕತ್ತೆ ಅಂತಲೇ ಅದಕ್ಕೆ ಅಡ್ಡಹೆಸರು.

ಹತ್ತಿ ಕೂತೆ. ಇಂಜಿನ್ ಕಾಲಡಿಯಲ್ಲೇ ಗುರುಗುಟ್ಟಿತು. ಸೀಟು ನಡುಗಿತು. ರೈಲು ಹೊರಟಿತು, ಡಬ್ಬಿ ಮುಂದಕ್ಕೂ ಹಿಂದಕ್ಕೂ ತೂಗಿತು. ಆ ತೂಗಾಟ ನನ್ನ ಬೆನ್ನಿಗೆ ಗೊತ್ತಿತ್ತು. ಅಜ್ಜಿ ಜೊತೆ ತಾಳಗುಪ್ಪಕ್ಕೆ ಹೋಗುವಾಗ ಹೀಗೇ ತೂಗುತ್ತಿತ್ತು, ಅಜ್ಜಿ ಬುಟ್ಟಿಯನ್ನು ಕಾಲಿಂದ ಒತ್ತಿ ಹಿಡಿದಿರುತ್ತಿದ್ದರು. ಟೀನ್‌ಮತ್ ದಾಟಿದ ಮೇಲೆ ಮೇಲಿನ ಪುಟ್ಟ ಕಿಟಕಿ ಎಳೆದೆ. ಉಪ್ಪುಗಾಳಿ ಒಳಗೆ ನುಗ್ಗಿತು. ಸುರಂಗದೊಳಗೆ ಕಿವಿ ತುಂಬಾ ಇಂಜಿನ್ ಸದ್ದು, ಹೊರಬಂದರೆ ಅಲೆ ಸದ್ದು, ಮತ್ತೆ ಸುರಂಗ. ಕಣ್ಣಲ್ಲಿ ನೀರು ಬಂತು.

ಡಾಲಿಷ್‌ನಲ್ಲಿ ಇಳಿದೆ. ಕೈಯಲ್ಲಿದ್ದ ಟಿಕೆಟ್ ಅದಕ್ಕೆ ಬಿಡುತ್ತಿತ್ತು. ಗೋಡೆ ಮೇಲೆ ಎರಡು ಗಂಟೆ ಕೂತಿದ್ದೆ. ಎಚ್‌ಎಸ್‌ಟಿಗಳು ಎರಡು ಸಲ ಹೋದವು, ಎರಡನ್ನೂ ನೋಡಿದೆ. ಅದರಲ್ಲಿ ಕೂತು ಪೆಂಜಾನ್ಸ್‌ಗೆ ಹೋಗುವುದು ಮಾತ್ರ ಆಗಲೇ ಇಲ್ಲ. ನವೆಂಬರ್‌ಗೆ ಪ್ರಾಜೆಕ್ಟ್ ಮುಗಿದು ಊರಿಗೆ ಬಂದೆ. 18 ಮೇ 2019ಕ್ಕೆ ಪ್ಯಾಡಿಂಗ್ಟನ್‌ನಿಂದ ಎಚ್‌ಎಸ್‌ಟಿಗಳ ದೂರದ ಓಟವೇ ನಿಂತಿತು. ಆ ಪೇಸರ್‌ಗಳೂ 2020ರ ಕೊನೆಗೆ ಎಕ್ಸೆಟರ್ ಬಿಟ್ಟವು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಂಬರ್ ಒನ್ ಯಾವುದು ಅಂತ ಹುಡುಕಬೇಡಿ. ಡೆಲ್ಟಿಕ್ ಅನ್ನೋದು ರೈಲಲ್ಲ, ರೈಲು ಎಳೆಯುವ ಇಂಜಿನ್. ಇಪ್ಪತ್ತೆರಡು ಇದ್ದವು, ಜನವರಿ 1982ಕ್ಕೆ ಸೇವೆ ಮುಗಿಯಿತು, ಉಳಿಸಿಕೊಂಡಿರೋದು ಆರು. ಎಚ್‌ಎಸ್‌ಟಿಯ ಕಿರಿಚಾಟ ಯೂಟ್ಯೂಬ್‌ನಲ್ಲಿ ಕೇಳಿದ್ದೀರಲ್ವಾ, ಅದು ಹಳೇ ಪ್ಯಾಕ್ಸ್‌ಮನ್ ವ್ಯಾಲೆಂಟಾ ಇಂಜಿನ್ನಿನದು. ನಾನು ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಅದನ್ನು ತೆಗೆದು ಬೇರೆ ಇಂಜಿನ್ ಕೂರಿಸಿದ್ದರು. ಆ ಮೂತಿಯನ್ನು ಹತ್ತಿರದಿಂದ ನೋಡಬೇಕು ಅಂದ್ರೆ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ 43002 ಸಂಖ್ಯೆಯ ಪವರ್ ಕಾರನ್ನು ಕೊಟ್ಟಿದ್ದಾರೆ. 1950ರ ದಶಕದ, ಇಂಜಿನ್ ತಮ್ಮಲ್ಲೇ ಇರುವ ಡೀಸೆಲ್ ರೈಲು ಡಬ್ಬಿಗಳು ಹಳೇ ರೈಲು ಕಾಪಾಡುವ ಸಣ್ಣ ಲೈನುಗಳಲ್ಲಿ ಓಡುತ್ತವೆ. ಡ್ರೈವರ್ ಬೆನ್ನ ಹಿಂದೆ ಕೂತರೆ ಮುಂದಿನ ಹಳಿ ಪೂರ್ತಿ ಕಾಣುತ್ತೆ. ಒಂದು ದಿನ ಅದಕ್ಕೆ ಇಡಿ.

ಉಳಿದ ದಿನಕ್ಕೆ ದಾರಿ ಆರಿಸಿ, ರೈಲನ್ನಲ್ಲ. ಅಡ್ವಾನ್ಸ್ ಬೇಡ. ಎಲ್ಲಿ ಬೇಕಾದರೂ ಇಳಿದು ಹತ್ತಲು ಬಿಡುವ ರೋವರ್ ಟಿಕೆಟ್ ತಗೊಳ್ಳಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಹಿಂದಿನ ರಾತ್ರಿ ರಿಯಲ್‌ಟೈಮ್ ಟ್ರೇನ್ಸ್ ವೆಬ್‌ಸೈಟ್ ನೋಡಿ, ಎಷ್ಟೋ ಸಮಯಕ್ಕೆ ಯಾವ ಮಾದರಿಯ ರೈಲು ಬರುತ್ತೆ ಅಂತ ಅದರಲ್ಲೇ ಇರುತ್ತೆ. ಎಕ್ಸೆಟರ್‌ಗೆ ಹೋದರೆ ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲುವ ಸಣ್ಣ ರೈಲನ್ನೇ ಹತ್ತಿ. ಅಲ್ಲಿಂದ ಡಾಲಿಷ್ ದಾಟಿ ಪೇಂಟನ್ ಕಡೆ ಹೋಗೋದಾದರೆ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ ಬರುತ್ತೆ.