ಸ್ಕೀ ರೆಸಾರ್ಟ್‌ಗಳು ತಡವಾಗಿ ತೆರೆದು ಬೇಗ ಮುಚ್ಚುವುದೇಕೆ?

ರಾಯಚೂರಿನವರೊಬ್ಬರ ಪ್ರಶ್ನೆ: ಸ್ಕೀ ರೆಸಾರ್ಟ್‌ಗಳು (ಹಿಮದ ಇಳಿಜಾರಿನಲ್ಲಿ ಜಾರುವ ಆಟದ ತಾಣಗಳು) ಸೀಸನ್ನಿನ ಮೊದಲ ಮತ್ತು ಕೊನೆಯ ವಾರಗಳನ್ನು ಯಾಕೆ ಕೈಬಿಡುತ್ತಿವೆ? ಡಿಸೆಂಬರ್ ರಜೆಗೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಬಹುದಾ?

ಮುಖ್ಯ ಕಾರಣ, ಚಳಿ ಕಡಿಮೆಯಾಗಿದೆ. ಸೀಸನ್ನಿನ ಎರಡೂ ತುದಿಯಲ್ಲಿ ಹಿಮ ಬೀಳಬೇಕಾದಲ್ಲಿ ಮಳೆ ಬೀಳುತ್ತದೆ, ಬಿದ್ದ ಹಿಮವೂ ನಿಲ್ಲುವುದಿಲ್ಲ.

ಮೆಷಿನ್‌ನಲ್ಲಿ ಹಿಮ ಮಾಡ್ತಾರಲ್ವಾ ಅಂತ ಕೇಳಬಹುದು. ಮಾಡುತ್ತಾರೆ, ಆದರೆ ಅದಕ್ಕೂ ಚಳಿ ಬೇಕು. ಮೆಷಿನ್ ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಎರಚುತ್ತದೆ. ನೆಲ ಮುಟ್ಟುವಷ್ಟರಲ್ಲಿ ಆ ಹನಿ ಹೆಪ್ಪುಗಟ್ಟಬೇಕು. ಇಲ್ಲಿ ಗಾಳಿಯ ತೇವದ ಆಟವೂ ಇದೆ. ನಮ್ಮೂರ ಏಪ್ರಿಲ್‌ನ ಒಣ ಗಾಳಿಯಲ್ಲಿ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ, ಮಳೆಗಾಲದಲ್ಲಿ ಸುಮ್ನೆ ಸದ್ದು ಮಾಡುತ್ತದೆ. ಅದೇ ಲೆಕ್ಕ. ಗಾಳಿ ಒಣಗಿದ್ದರೆ ಸೊನ್ನೆ ಡಿಗ್ರಿಗಿಂತ ತುಸು ಮೇಲಿದ್ದರೂ ಹಿಮವಾಗುತ್ತದೆ; ತೇವ ಜಾಸ್ತಿಯಿದ್ದರೆ ಮೈನಸ್ 2–3 ಆದರೂ ಬೇಕು. ಅಂಥ ರಾತ್ರಿಗಳು ಸಾಲಾಗಿ ಸಿಗದಿದ್ದರೆ ಇಳಿಜಾರು ಸಿದ್ಧವಾಗುವುದೇ ಇಲ್ಲ.

ಕೊನೆಯ ವಾರಗಳ ಕಥೆ ಬೇರೆ. ಎಷ್ಟೋ ಸಲ ಮೇಲೆ ಹಿಮ ಇರುತ್ತದೆ, ಜನ ಇರುವುದಿಲ್ಲ. ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನ ಕರೆಂಟು, ಕೆಲಸದವರ ಸಂಬಳ ಗಿಟ್ಟುವುದಿಲ್ಲ. ಬೀಗ ಹಾಕಿದರೆ ನನಗಂತೂ ತಪ್ಪೆನಿಸುವುದಿಲ್ಲ.

ಇನ್ನು ಗುಲ್ಮಾರ್ಗ್. 2024ರ ಜನವರಿಯ ಬಹುಪಾಲು ಅದು ಬೋಳಾಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮ ಸಾಲದೆ ಮಾರ್ಚ್‌ಗೆ ಹೋದವು. ಫೆಬ್ರವರಿಗೂ ಗ್ಯಾರಂಟಿ ಇಲ್ಲ, ಆದರೂ ಡಿಸೆಂಬರ್‌ಗಿಂತ ವಾಸಿ; ಹಾಗಾಗಿ ಡಿಸೆಂಬರ್ ಬೇಡ, ಫೆಬ್ರವರಿ ನೋಡಿ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಬುಕ್ ಮಾಡಿ.